ಕ್ಯಾಮೆರಾ ಕೊಳ್ಳುವ ಮೊದಲು: ಸಬ್‌ಸ್ಟೇಷನ್, ನೀರಿನ ಘಟಕಗಳ ಭದ್ರತೆಗೆ ಪ್ಲಾನ್ ಮಾಡುವ ಬಗೆ

ರಾತ್ರಿ ಹನ್ನೊಂದೂವರೆ. ಊರಾಚೆಯ ಒಂದು ವಿದ್ಯುತ್ ಸಬ್‌ಸ್ಟೇಷನ್. ಯಾವುದು ಅಂತ ಹೇಳುವುದಿಲ್ಲ. ಕಾವಲುಗಾರರ ಕೋಣೆಯ ಗೋಡೆಗೆ ದೊಡ್ಡ ಟಿವಿ, ಅದರಲ್ಲಿ ಹದಿನಾರು ಚೌಕ. ಐದು ಚೌಕ ಪೂರ್ತಿ ಕಪ್ಪು.

"ಇವು ಯಾಕೆ ಬರ್ತಿಲ್ಲ?"

"ಮಳೆ ಹಿಡಿದಾಗಿಂದ ಹೀಗೇ ಸಾರ್."

"ಸ್ಟೇಷನ್ ಟ್ರಿಪ್ ಆದರೆ?"

"ಆಗ ಎಲ್ಲಾ ಹೋಗುತ್ತೆ ಸಾರ್."

ಸುತ್ತಲಿನ ಊರುಗಳಿಗೆಲ್ಲ ಕರೆಂಟ್ ಹಂಚುವ ಜಾಗ. ಕರೆಂಟ್ ಹೋದ ಕ್ಷಣವೇ ಅದರ ಕಣ್ಣೂ ಮುಚ್ಚುತ್ತದೆ. ಟಾರ್ಚ್ ಹಿಡಿದು ಹಿಂಭಾಗಕ್ಕೆ ಹೋದೆವು. ಎಂಟು ಅಡಿ ಕಾಂಪೌಂಡು, ಮೇಲೆ ಮುಳ್ಳುತಂತಿ. ಚೆನ್ನಾಗಿಯೇ ಕಟ್ಟಿದ್ದರು. ಆದರೆ ಹೊರಗಡೆ ಗೋಡೆಗೆ ಒರಗಿಸಿ ಯಾರೋ ಖಾಲಿ ಕೇಬಲ್ ಡ್ರಮ್ಮು ಇಟ್ಟಿದ್ದರು. ಇನ್ನು ಏಣಿ ಯಾಕೆ?

ಇಂಥ ಕಡೆ ದುಡ್ಡು ಖರ್ಚಾಗಿಲ್ಲ ಅಂತಲ್ಲ. ಮೊದಲು ಕ್ಯಾಮೆರಾ ಟೆಂಡರ್, ಆಮೇಲೆ ಯೋಚನೆ, ಹೀಗೆ ಕೆಲಸ ಹಿಂದುಮುಂದಾಗಿರುತ್ತದೆ. ಸಬ್‌ಸ್ಟೇಷನ್, ಪಂಪ್‌ಹೌಸ್, ನೀರು ಶುದ್ಧೀಕರಣ ಘಟಕ ನೋಡಿಕೊಳ್ಳುವ ಎಂಜಿನಿಯರುಗಳು, ಅವರ ಜೊತೆ ಕೆಲಸ ಮಾಡುವ ಗುತ್ತಿಗೆದಾರರು ಯಾವ ಕ್ರಮದಲ್ಲಿ ಹೋದರೆ ಒಳ್ಳೆಯದು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಏನು ನಿಂತರೆ ಊರು ನಿಲ್ಲುತ್ತದೆ?

ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಜಾಗದಲ್ಲಿರುವ ವಸ್ತುಗಳನ್ನು ಬೆಲೆಯ ಪ್ರಕಾರ ಬರೆಯಬೇಡಿ. ಹಾಳಾದರೆ ಮತ್ತೆ ಸರಿಯಾಗಲು ಎಷ್ಟು ದಿನ ಬೇಕು ಅನ್ನುವುದರ ಪ್ರಕಾರ ಬರೆಯಿರಿ. ಪಟ್ಟಿ ತಲೆಕೆಳಗಾಗುತ್ತದೆ. ಹೊಸ ಜೀಪು ಬೆಲೆಬಾಳುತ್ತದೆ, ಆದರೆ ನಾಳೆ ಬಾಡಿಗೆಗೆ ಇನ್ನೊಂದು ಸಿಗುತ್ತದೆ. ಪವರ್ ಟ್ರಾನ್ಸ್‌ಫಾರ್ಮರ್ ಹೋದರೆ? ಆರ್ಡರ್ ಕೊಟ್ಟು ತಿಂಗಳುಗಟ್ಟಲೆ ಕಾಯಬೇಕು. ಕಂಟ್ರೋಲ್ ರೂಮಿನ ಕೇಬಲ್ ಟ್ರೆಂಚ್ ಸುಟ್ಟರೆ? ಯಂತ್ರಗಳೆಲ್ಲ ಗಟ್ಟಿಮುಟ್ಟಾಗಿದ್ದರೂ ಸ್ಟೇಷನ್ ಸತ್ತ ಹಾಗೆ.

ಹಾಗೆಯೇ ನಿಮ್ಮ ಜಾಗ ಬೇರೆ ಯಾರನ್ನು ನಂಬಿಕೊಂಡಿದೆ ಅಂತಲೂ ಬರೆಯಿರಿ. ಬೆಂಗಳೂರಿನ ಕಾವೇರಿ ನೀರನ್ನೇ ನೋಡಿ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಹಂತದಲ್ಲಿ ಪಂಪ್ ಮಾಡಿ, ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಿ ತರುತ್ತಾರೆ. ಒಂದು ಹಂತದಲ್ಲಿ ಕರೆಂಟ್ ಕೈಕೊಟ್ಟರೆ ನಲ್ಲಿ ಒಣಗುತ್ತದೆ. ಅಂದರೆ ಪಂಪ್‌ಹೌಸಿನ ಭದ್ರತೆ ಅದಕ್ಕೆ ಲೈನ್ ಕೊಡುವ ಸ್ಟೇಷನ್‌ನಲ್ಲೂ ಇದೆ. ಎರಡು ಇಲಾಖೆ, ಎರಡು ಬೇಲಿ, ನೀರು ಒಂದೇ. ಇಬ್ಬರೂ ಒಂದು ಮೇಜಿಗೆ ಕೂತು ಮಾತಾಡಿದ್ದನ್ನು ನಾನು ನೋಡಿದ್ದು ಬಹಳ ಕಡಿಮೆ.

ಪಟ್ಟಿಯಲ್ಲಿ ಮೊದಲ ಐದು ಸಾಲಿಗೆ ಕೆಂಪು ಗೆರೆ ಎಳೆಯಿರಿ. ದುಡ್ಡು, ಕ್ಯಾಮೆರಾ, ಬೀಗ, ಮನುಷ್ಯರು ಎಲ್ಲವೂ ಮೊದಲು ಆ ಐದಕ್ಕೆ. ಇಡೀ ಕಾಂಪೌಂಡಿಗೆ ಒಂದೇ ಸಮ ಹಂಚಿದರೆ ಎಲ್ಲ ಕಡೆಯೂ ತೆಳುವಾಗುತ್ತದೆ.

ಎರಡನೇ ಹೆಜ್ಜೆ: ಯಾರು ಬರುತ್ತಾರೆ?

ಭದ್ರತೆ ಅಂದ ಕೂಡಲೇ ತಲೆಗೆ ಬರುವುದು ಉಗ್ರರು. ನಿಮ್ಮ ಬೇಲಿಗೆ ಮೊದಲು ಬರುವವನು ಸಾಮಾನ್ಯವಾಗಿ ಗುಜರಿ ಕಳ್ಳ. ಅವನಿಗೆ ಬೇಕಾದ್ದು ತಾಮ್ರ, ಅಲ್ಯುಮಿನಿಯಂ, ಟ್ರಾನ್ಸ್‌ಫಾರ್ಮರ್ ಎಣ್ಣೆ. ಇಂಥ ಕಳ್ಳತನಕ್ಕೆಂದೇ 2003ರ ವಿದ್ಯುತ್ ಕಾಯ್ದೆಯಲ್ಲಿ 136ನೇ ಕಲಂ ಇದೆ. ಅವನು ಕದ್ದ ತಾಮ್ರದ ಬೆಲೆ ಕೆಲವು ಸಾವಿರ. ಆದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಪಟ್ಟಿ ಕಿತ್ತುಕೊಂಡು ಹೋದರೆ ಮಾರನೇ ದಿನ ಯಾರ್ಡಿಗೆ, ಅಂದರೆ ಯಂತ್ರಗಳಿರುವ ಬಯಲಿಗೆ, ಕಾಲಿಡುವ ಲೈನ್‌ಮ್ಯಾನ್ ಜೀವಕ್ಕೇ ಕುತ್ತು. ಎಷ್ಟೋ ಕಡೆ ತಾಮ್ರದ ಬದಲು ಕಬ್ಬಿಣದ ಪಟ್ಟಿ ಹಾಕಿಯೇ ಈ ತಲೆನೋವು ಕಡಿಮೆ ಮಾಡಿಕೊಂಡಿದ್ದಾರೆ. ಕದಿಯುವಂಥದ್ದೇ ಇಲ್ಲದ ಹಾಗೆ ಮಾಡುವುದು ಕೂಡ ಭದ್ರತೆಯೇ.

ಎರಡನೆಯವನು ಒಳಗಿನವನು, ಅಥವಾ ಒಂದು ಕಾಲದಲ್ಲಿ ಒಳಗಿದ್ದವನು. 2000ನೇ ಇಸವಿಯಲ್ಲಿ ಆಸ್ಟ್ರೇಲಿಯಾದ ಮರೂಚಿ ಶೈರ್‌ನಲ್ಲಿ ಒಳಚರಂಡಿ ಪಂಪುಗಳು ತಮ್ಮಷ್ಟಕ್ಕೆ ಹುಚ್ಚಾಟ ಶುರುಮಾಡಿದವು. ಸುಮಾರು 8 ಲಕ್ಷ ಲೀಟರ್ ಕೊಳಚೆ ಉದ್ಯಾನ, ಹೊಳೆಗಳಿಗೆ ಹರಿಯಿತು. ಕೊನೆಗೆ ಸಿಕ್ಕಿಬಿದ್ದವನು ಆ ವ್ಯವಸ್ಥೆ ಅಳವಡಿಸಿದ್ದ ಗುತ್ತಿಗೆ ಕಂಪನಿಯ ಹಳೇ ನೌಕರ. ಅಲ್ಲಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ನಲ್ಲಿ ಕೆಲಸ ಕೇಳಿದ್ದ, ಸಿಕ್ಕಿರಲಿಲ್ಲ. ಕಾರಿನಲ್ಲಿ ಲ್ಯಾಪ್‌ಟಾಪ್, ರೇಡಿಯೋ ಇಟ್ಟುಕೊಂಡು ಪಂಪುಗಳಿಗೆ ಆಜ್ಞೆ ಕೊಡುತ್ತಿದ್ದ. ಅವನು ಯಾವ ಬೇಲಿಯನ್ನೂ ಹಾರಲಿಲ್ಲ.

ಮೂರನೆಯವನು ಸಮುದ್ರದಾಚೆ ಕೂತಿರಬಹುದು. ಅವನ ವಿಷಯ ಮುಂದೆ ಬರುತ್ತದೆ.

ಮೂರನೇ ಹೆಜ್ಜೆ: ಗಡಿಯಾರ ಹಿಡಿದು ನಡೆಯಿರಿ

ಇಡೀ ಪ್ಲಾನಿನ ಬೆನ್ನೆಲುಬು ಇದು. ನಿಧಾನವಾಗಿ ಓದಿ.

ಒಳ್ಳೆಯ ವ್ಯವಸ್ಥೆಯಲ್ಲಿ ಮೂರು ಕೆಲಸ ಆಗಬೇಕು. ಯಾರೋ ಬಂದದ್ದು ಗೊತ್ತಾಗಬೇಕು. ಬಂದವನಿಗೆ ತಡವಾಗಬೇಕು. ಅಷ್ಟರಲ್ಲಿ ನಮ್ಮವರು ಬಂದು ಮುಟ್ಟಬೇಕು. ಇದರಲ್ಲಿ ಒಂದು ಗುಟ್ಟಿದೆ: ಗೊತ್ತಾಗುವುದಕ್ಕೆ ಮೊದಲು ಕಳ್ಳನಿಗೆ ಎಷ್ಟೇ ತಡವಾದರೂ ಅದು ಲೆಕ್ಕಕ್ಕಿಲ್ಲ. ಗೋಡೆ ಹಾರಲು ಅವನು ಅರ್ಧ ಗಂಟೆ ಒದ್ದಾಡಲಿ, ಅಲಾರಂ ಇರುವುದು ಕಂಟ್ರೋಲ್ ರೂಮಿನ ಬಾಗಿಲಿಗೆ ಮಾತ್ರ ಅಂದರೆ ನಿಮ್ಮ ಗಡಿಯಾರ ಶುರುವಾಗುವುದು ಬಾಗಿಲಿನಲ್ಲೇ.

ಸ್ಟೇಷನ್ ಸಿಬ್ಬಂದಿಯೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಯಾರ್ಡಿನಲ್ಲಿ ಒಬ್ಬರೇ ಓಡಾಡಬೇಡಿ, ಉದ್ದನೆಯ ಕೋಲು, ಏಣಿ ಒಯ್ಯಬೇಡಿ. ಬೇಲಿಯಿಂದ ಕೆಂಪು ಗೆರೆಯ ವಸ್ತುವಿನವರೆಗೆ ನಡೆದು ಸಮಯ ಬರೆದುಕೊಳ್ಳಿ. ಬೇಲಿಗೇ ಅಲಾರಂ ಇದೆ ಅಂದುಕೊಂಡು ಒಂದು ಉದಾಹರಣೆ ಲೆಕ್ಕ: ಜಾಲರಿ ಬೇಲಿ ಕತ್ತರಿಸಲು 1 ನಿಮಿಷ, ಕಂಟ್ರೋಲ್ ರೂಮಿಗೆ ನಡೆಯಲು 2 ನಿಮಿಷ, ಸಾದಾ ಬೀಗ ಮುರಿಯಲು 1 ನಿಮಿಷ. ಒಟ್ಟು 4. ಈಗ ಪೊಲೀಸ್ ಠಾಣೆ ಎಷ್ಟು ದೂರ? 14 ಕಿಲೋಮೀಟರ್, ರಾತ್ರಿ ಫೋನ್ ಎತ್ತಿ ಜೀಪು ಹೊರಟು ಬರಲು 25 ನಿಮಿಷ. 4ಕ್ಕೂ 25ಕ್ಕೂ ನಡುವೆ 21 ನಿಮಿಷದ ಹಳ್ಳ. ಆ ಹಳ್ಳವನ್ನು ಇನ್ನೂ ನಾಲ್ಕು ಕ್ಯಾಮೆರಾ ಹಾಕಿ ಮುಚ್ಚಲು ಆಗುವುದಿಲ್ಲ. ಅವು ಕಳ್ಳತನವನ್ನು ಚೆನ್ನಾಗಿ ಚಿತ್ರೀಕರಿಸುತ್ತವೆ, ಅಷ್ಟೇ.

ಹಳ್ಳ ಮುಚ್ಚುವ ದಾರಿ ಎರಡೇ. ಕಬ್ಬಿಣದ ಬಾಗಿಲು, ಕಿಟಕಿಗೆ ಸರಳು, ಒಳಗೆ ಇನ್ನೊಂದು ಬೇಲಿ ಹಾಕಿ 4ನ್ನು 10 ಮಾಡಿ. ಇಬ್ಬರು ಕಾವಲುಗಾರರು, ಹತ್ತಿರದ ಸ್ಟೇಷನ್‌ನಿಂದ ಓಡಿಬರುವ ತಂಡ, ಬೀಟ್ ಪೊಲೀಸರ ಜೊತೆ ಮೊದಲೇ ಆದ ಮಾತುಕತೆಯಿಂದ 25ನ್ನು 10 ಮಾಡಿ. ಕೆಲವು ಜಾಗದಲ್ಲಿ ಎರಡೂ ಸಾಧ್ಯವಿಲ್ಲ. ಅಲ್ಲಿ ನಷ್ಟ ಒಪ್ಪಿಕೊಂಡು, ಬೇಗ ಸರಿಮಾಡುವುದಕ್ಕೆ ದುಡ್ಡಿಡಿ.

ಈ ಪಾಠವನ್ನು ದುಬಾರಿ ಬೆಲೆಗೆ ಕಲಿತದ್ದು ಕ್ಯಾಲಿಫೋರ್ನಿಯಾ. 2013ರ ಏಪ್ರಿಲ್ 16ರ ನಡುರಾತ್ರಿ, ಸ್ಯಾನ್ ಹೋಸೆ ಹತ್ತಿರದ ಮೆಟ್‌ಕಾಫ್ ಸಬ್‌ಸ್ಟೇಷನ್. ಮೊದಲು ನೆಲದಡಿಯ ಟೆಲಿಫೋನ್ ಫೈಬರ್ ಕತ್ತರಿಸಿದರು. ಆಮೇಲೆ ಬೇಲಿಯಾಚೆ ನಿಂತೇ ರೈಫಲ್‌ನಿಂದ ಸುಮಾರು 20 ನಿಮಿಷ ಗುಂಡು ಹಾರಿಸಿದರು. 17 ಟ್ರಾನ್ಸ್‌ಫಾರ್ಮರ್‌ಗಳು ತೂತಾಗಿ, ತಣಿಸುವ ಎಣ್ಣೆ ಸುಮಾರು 2 ಲಕ್ಷ ಲೀಟರ್ ಸೋರಿಹೋಯಿತು. ಪೊಲೀಸರು ಬರುವ ಹೊತ್ತಿಗೆ ಗುಂಡು ಹಾರಿಸಿದವರು ಹೋಗಿಯಾಗಿತ್ತು. ಕ್ಯಾಮೆರಾಗಳು ನೋಡುತ್ತಿದ್ದದ್ದು ಬೇಲಿಯ ಒಳಗನ್ನು, ಗುಂಡು ಬಂದದ್ದು ಹೊರಗಿನಿಂದ. ಬೇರೆ ದಾರಿಯಿಂದ ವಿದ್ಯುತ್ ಹರಿಸಿ ದೊಡ್ಡ ಕತ್ತಲೆಯನ್ನು ತಪ್ಪಿಸಿದರು, ಆದರೆ ಸ್ಟೇಷನ್ ಮತ್ತೆ ಸರಿಯಾಗಲು ಸುಮಾರು 4 ವಾರ ಬೇಕಾಯಿತು.

ನಮ್ಮಲ್ಲಿ ರೈಫಲ್ ದಾಳಿ ದಿನನಿತ್ಯದ ಮಾತಲ್ಲ, ಒಪ್ಪುತ್ತೇನೆ. ಆದರೆ ಎರಡು ಪಾಠ ಇಲ್ಲಿಗೂ ಹೊಂದುತ್ತವೆ. ನಿಮ್ಮ ಅಲಾರಂ ಒಂದೇ ತಂತಿಯ ಮೇಲೆ ನಿಂತಿದ್ದರೆ ಅದನ್ನು ಕತ್ತರಿಸಿದರೆ ಸಾಕು. ಜೊತೆಗೆ ಒಂದು ಮೊಬೈಲ್ ಸಿಮ್ ದಾರಿಯೂ ಇರಲಿ. ಮತ್ತೆ ಕೆಲವು ಕ್ಯಾಮೆರಾ ಹೊರಗೂ ನೋಡಲಿ.

ನಾಲ್ಕನೇ ಹೆಜ್ಜೆ: ಬೇಲಿ, ಗೇಟು, ಬೀಗ

ಇದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಬೇಲಿಯ ಎರಡೂ ಕಡೆ ಒಂದೆರಡು ಮೀಟರ್ ಬಯಲಾಗಿರಲಿ. ಪೊದೆ, ಮರದ ಕೊಂಬೆ, ಜಲ್ಲಿ ರಾಶಿ, ಹಳೇ ಡ್ರಮ್ಮು ಬೇಡ. ಚರಂಡಿ ಹೊರಹೋಗುವ ತೂತಿಗೆ ಕಬ್ಬಿಣದ ಜಾಲರಿ ಹಾಕಿ, ಮನುಷ್ಯ ನುಸುಳುವಷ್ಟು ದೊಡ್ಡದಿರುತ್ತದೆ ಅದು. ಲೋಹದ ಬೇಲಿಗೆ ಅರ್ಥಿಂಗ್ ಇರಲೇಬೇಕು. ಫಾಲ್ಟ್ ಆದಾಗ, ಅಂದರೆ ಕರೆಂಟ್ ದಾರಿ ತಪ್ಪಿ ನೆಲಕ್ಕೆ ಹರಿದಾಗ, ಬೇಲಿ ಮುಟ್ಟಿದ ಎಮ್ಮೆ, ಮಗು ಯಾರೂ ಸಾಯಬಾರದು.

ಬೀಗದ ಕೀ ಎಷ್ಟು ಇವೆ, ಯಾರ ಹತ್ತಿರ ಇವೆ ಅಂತ ಕೇಳಿ ನೋಡಿ. ಉತ್ತರ ಬರಲು ಎಷ್ಟು ಹೊತ್ತಾಗುತ್ತದೋ ಅಷ್ಟು ಕೆಲಸ ಬಾಕಿ ಇದೆ ಅಂತ ಅರ್ಥ. ಕೀ ರಿಜಿಸ್ಟರ್ ಇಡಿ, ಗುತ್ತಿಗೆದಾರ ಬದಲಾದ ದಿನ ಬೀಗವನ್ನೂ ಬದಲಿಸಿ.

ಐದನೇ ಹೆಜ್ಜೆ: ಈಗ ಕ್ಯಾಮೆರಾ

ಪ್ರತಿ ಕ್ಯಾಮೆರಾಗೂ ಒಂದು ಪ್ರಶ್ನೆ: ಇದರಿಂದ ಏನು ತಿಳಿಯಬೇಕು? ಯಾರೋ ಇದ್ದಾರೆ ಅಂತ ಗೊತ್ತಾದರೆ ಸಾಕೇ, ಮುಖ ಗುರುತು ಸಿಗಬೇಕೇ? ಇದಕ್ಕೆ 2014ರ ಒಂದು ಅಂತರರಾಷ್ಟ್ರೀಯ ಅಳತೆ ಬಳಕೆಯಲ್ಲಿದೆ. ಅಪರಿಚಿತನ ಗುರುತು ಹಿಡಿಯಲು ಚಿತ್ರದಲ್ಲಿ ಪ್ರತಿ ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು. ಯಾರೋ ಇದ್ದಾರೆ ಅನ್ನಲು 25 ಸಾಕು. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 1920 ಪಿಕ್ಸೆಲ್ ಅಗಲ. 250ರಿಂದ ಭಾಗಿಸಿ: 7.7 ಮೀಟರ್. ಗೇಟಿಗೆ ಸರಿ. ಅದೇ ಕ್ಯಾಮೆರಾ 60 ಮೀಟರ್ ಅಗಲದ ಯಾರ್ಡನ್ನು ನೋಡಿದರೆ ಮೀಟರಿಗೆ 32 ಪಿಕ್ಸೆಲ್. ಅಷ್ಟರಲ್ಲಿ ಮನುಷ್ಯನೋ ಕರುವೋ ಅಂತ ಊಹಿಸಬಹುದು, ಮುಖವಂತೂ ಸಿಗದು. ಟೆಂಡರ್‌ನಲ್ಲಿ "32 ಕ್ಯಾಮೆರಾ" ಅಂತ ಸಂಖ್ಯೆ ಬರೆಯುವ ಬದಲು, ಯಾವ ಜಾಗದಲ್ಲಿ ಎಷ್ಟು ಪಿಕ್ಸೆಲ್ ಬೇಕು ಅಂತ ಬರೆಯಿರಿ. ಎಷ್ಟೋ ಸಲ ಕ್ಯಾಮೆರಾ ಸಂಖ್ಯೆಯೇ ಕಡಿಮೆಯಾಗುತ್ತದೆ.

ರೆಕಾರ್ಡಿಂಗ್ ಲೆಕ್ಕವೂ ಸುಲಭ. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಕಳಿಸಿದರೆ ದಿನಕ್ಕೆ ಸುಮಾರು 43 ಜಿಬಿ, 30 ದಿನಕ್ಕೆ 1.3 ಟಿಬಿ. ಅಂಥ 20 ಕ್ಯಾಮೆರಾಗೆ 26 ಟಿಬಿ. ಮಾರುವವರು 8 ಟಿಬಿ ಡಿಸ್ಕ್ ಹಾಕಿ "30 ದಿನ ಬರುತ್ತೆ ಸಾರ್" ಅಂದರೆ ಈ ಲೆಕ್ಕ ಮುಂದಿಡಿ.

ಸಬ್‌ಸ್ಟೇಷನ್ ಆದರೆ ಇನ್ನೊಂದು ಮಾತು. ಯಾರ್ಡಿನಲ್ಲಿ ಕ್ಯಾಮೆರಾಗೆ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆಯಬೇಡಿ, ಫೈಬರ್ ಎಳೆಯಿರಿ. ಫಾಲ್ಟ್ ಆದಾಗ ನೆಲದ ವೋಲ್ಟೇಜೇ ಏರುತ್ತದೆ, ಅದು ತಾಮ್ರ ಹಿಡಿದು ಕಂಟ್ರೋಲ್ ರೂಮಿನ ರೆಕಾರ್ಡರ್‌ವರೆಗೂ ಬರಬಹುದು. ಮಳೆಗಾಲದಲ್ಲಿ ಕಪ್ಪಾದ ಆ ಐದು ಚೌಕಗಳಿಗೆ ಕಾರಣ ನೀರು ಹೊಕ್ಕ ಜಂಕ್ಷನ್ ಬಾಕ್ಸ್ ಆಗಿತ್ತು, ಅದು ಬೇರೆ ಕಥೆ. ಕ್ಯಾಮೆರಾ ಕಂಬ ಲೈವ್ ಭಾಗದಿಂದ ನಿಯಮದಷ್ಟು ದೂರವಿರಲಿ. ಕಂಬ ಒಂದು ದಿನ ಬೀಳಬಹುದು, ಯಾವ ಕಡೆಗೆ ಬೀಳುತ್ತದೆ ಅಂತಲೂ ನೋಡಿ. ಪವರ್ ಯುಪಿಎಸ್‌ನಿಂದ ಬರಲಿ. ಸ್ಟೇಷನ್ ಟ್ರಿಪ್ ಆದ ಹೊತ್ತಿಗೇ ಅದು ಬೇಕಾಗುವುದು, ಅಲ್ವಾ?

ಬೇಲಿಗೆ ಕಟ್ಟುವ ಕಂಪನ ಸೆನ್ಸರ್ ಒಳ್ಳೆಯದೇ. ಆದರೆ ಕೋತಿ, ಗಾಳಿ, ಮಳೆಗೆಲ್ಲ ಕೂಗಿದರೆ ಮೂರನೇ ದಿನಕ್ಕೆ ಕಾವಲುಗಾರರು ವೈರ್ ಕಿತ್ತು ಹಾಕುತ್ತಾರೆ. ಅವರದ್ದು ತಪ್ಪಲ್ಲ. ಒಂದು ಮಳೆಗಾಲ, ಒಂದು ಗಾಳಿಗಾಲ ನೋಡಿ ಹದ ಮಾಡಿಕೊಡುವ ಕೆಲಸವನ್ನು ಒಪ್ಪಂದದಲ್ಲೇ ಸೇರಿಸಿ.

ಆರನೇ ಹೆಜ್ಜೆ: ಕಾವಲುಗಾರರು ಎಲ್ಲಿ ಕೂರುತ್ತಾರೆ?

ಒಂದು ನೀರು ಶುದ್ಧೀಕರಣ ಘಟಕದಲ್ಲಿ ಕ್ಲೋರಿನ್ ಶೆಡ್ ಇತ್ತು. ಒಳಗೆ ಸುಮಾರು ಒಂದು ಟನ್ ಕ್ಲೋರಿನ್ ಹಿಡಿಯುವ ದೊಡ್ಡ ಟನ್ನರ್ ಸಿಲಿಂಡರುಗಳು. ಕಾವಲಿನ ಕೋಣೆ ಶೆಡ್‌ಗಿಂತ ತಗ್ಗಿನಲ್ಲಿ, ಗಾಳಿ ಬೀಸುವ ದಿಕ್ಕಿನಲ್ಲೇ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಸೋರಿದರೆ ತಗ್ಗಿಗೆ ಹರಿದು ಬರುತ್ತದೆ. ಅಂದರೆ ಸೋರಿಕೆಯಾದ ದಿನ ಮೊದಲು ಕುಸಿಯುವವರು ಫೋನ್ ಮಾಡಬೇಕಾದ ಮನುಷ್ಯರೇ. ಕೋಣೆಯನ್ನು ಎತ್ತರಕ್ಕೆ, ಗಾಳಿ ಬರುವ ಕಡೆಗೆ ಸರಿಸಿ ಅಂತ ಬರೆದುಕೊಟ್ಟೆ. ಶೆಡ್ಡಿನ ಮೇಲೆ ಗಾಳಿಚೀಲವನ್ನೂ ಕಟ್ಟಿಸಿದೆವು, ಓಡಬೇಕಾದರೆ ಯಾವ ಕಡೆ ಅಂತ ಕಾಣಲಿ ಅಂತ.

ಏಜೆನ್ಸಿ ಮೂಲಕ ಜನ ತೆಗೆದುಕೊಂಡರೆ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯ ಪ್ರಕಾರ ಪರವಾನಗಿ ಇದೆಯೇ ನೋಡಿ. 12 ಗಂಟೆ ಶಿಫ್ಟ್ ಮಾಡಿಸಿ, ನಡುರಾತ್ರಿ ಮೂರಕ್ಕೆ ಎಚ್ಚರ ಇರಲಿಲ್ಲ ಅಂತ ದಂಡ ಹಾಕುವುದು ನ್ಯಾಯವಲ್ಲ. ಶೌಚಾಲಯ, ಕುಡಿಯುವ ನೀರು, ಒಳ್ಳೆಯ ಟಾರ್ಚ್, ರೇನ್‌ಕೋಟ್ ಇವು ನನ್ನ ಎಸ್ಟಿಮೇಟ್‌ನಲ್ಲಿ ಕ್ಯಾಮೆರಾಗಿಂತ ಮೇಲಿನ ಸಾಲಿನಲ್ಲಿರುತ್ತವೆ. ಸುಮ್ನೆ ಬರೆದದ್ದಲ್ಲ, ರೇನ್‌ಕೋಟ್ ಇಲ್ಲದವರು ಮಳೆಯಲ್ಲಿ ರೌಂಡ್ ಹೋಗುವುದಿಲ್ಲ.

ಏಳನೇ ಹೆಜ್ಜೆ: ಕಾಣದ ಗೇಟು

2023ರ ನವೆಂಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪ್ಪಾ ಎಂಬ ಸಣ್ಣ ಊರಿನ ನೀರಿನ ಒತ್ತಡ ಏರಿಸುವ ಬೂಸ್ಟರ್ ಸ್ಟೇಷನ್‌ನಲ್ಲಿ, ಪಂಪ್ ನಡೆಸುವ ಸಣ್ಣ ಕಂಪ್ಯೂಟರಾದ ಕಂಟ್ರೋಲರ್ ಅನ್ನು ಹೊರಗಿನವರು ವಶ ಮಾಡಿಕೊಂಡರು. ಆ ಮಾದರಿಯ ಕಂಟ್ರೋಲರ್‌ಗಳು ನೇರವಾಗಿ ಇಂಟರ್‌ನೆಟ್‌ಗೆ ತೆರೆದಿದ್ದವು. ಫ್ಯಾಕ್ಟರಿಯಿಂದ ಬಂದ ಪಾಸ್‌ವರ್ಡ್ 1111. ಸಿಬ್ಬಂದಿ ಕೈಯಿಂದಲೇ ಪಂಪ್ ನಡೆಸಿ ನೀರು ಉಳಿಸಿಕೊಂಡರು.

ನಿಮ್ಮಲ್ಲಿ ನೋಡಬೇಕಾದ್ದೂ ಇದೇ. ಪಂಪ್ ಕಂಟ್ರೋಲರ್, ರಿಲೇ, ಕ್ಯಾಮೆರಾ ರೆಕಾರ್ಡರ್, ರೂಟರ್, ಎಲ್ಲದರ ಪಾಸ್‌ವರ್ಡ್ ಬದಲಿಸಿ. ಯಂತ್ರಗಳನ್ನು ದೂರದಿಂದ ನೋಡಿ ನಡೆಸುವ ಸ್ಕಾಡಾ ನೆಟ್‌ವರ್ಕ್ ಬೇರೆ, ಆಫೀಸಿನ ಇಮೇಲ್ ನೆಟ್‌ವರ್ಕ್ ಬೇರೆ, ಕ್ಯಾಮೆರಾ ನೆಟ್‌ವರ್ಕ್ ಬೇರೆ. ವೆಂಡರ್ ಮನೆಯಿಂದಲೇ ರಿಪೇರಿ ಮಾಡಲು ಇಟ್ಟುಕೊಂಡ ರಿಮೋಟ್ ಸಾಫ್ಟ್‌ವೇರ್ ಇದೆಯೇ ಹುಡುಕಿ. ಬೇಕಾದಾಗ ಮಾತ್ರ ಆನ್ ಮಾಡಿ, ಕೆಲಸ ಮುಗಿದ ಕೂಡಲೇ ಆಫ್. ಕೆಲಸ ಬಿಟ್ಟವರ ಲಾಗಿನ್ ಅದೇ ದಿನ ತೆಗೆಯಿರಿ. ಮರೂಚಿ ನೆನಪಿದೆಯಲ್ಲ.

ಇನ್ನೊಂದು ಘಟನೆ ಹೇಳಲೇಬೇಕು. 2015ರ ಡಿಸೆಂಬರ್ 23, ಉಕ್ರೇನ್. ಮೂರು ವಿದ್ಯುತ್ ವಿತರಣಾ ಕಂಪನಿಗಳಿಗೆ ಒಂದೇ ಸಂಜೆ ದಾಳಿ. ಆಪರೇಟರುಗಳ ಕಣ್ಣೆದುರೇ ಮೌಸ್ ತಾನಾಗಿ ಓಡಾಡಿ ಬ್ರೇಕರ್‌ಗಳನ್ನು, ಅಂದರೆ ಲೈನ್‌ಗಳ ದೊಡ್ಡ ಸ್ವಿಚ್‌ಗಳನ್ನು, ಆಫ್ ಮಾಡಿತು. ಸುಮಾರು 2.25 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಯಿತು. ದೂರು ಹೇಳಲು ಫೋನ್ ಮಾಡಿದರೆ ಲೈನ್ ಬ್ಯುಸಿ, ಸುಳ್ಳು ಕರೆಗಳಿಂದ ತುಂಬಿಸಿದ್ದರು. ಕೆಲವೇ ಗಂಟೆಗಳಲ್ಲಿ ಕರೆಂಟ್ ವಾಪಸ್ ಬಂತು. ಹೇಗೆ? ಜನ ಸ್ಟೇಷನ್‌ಗಳಿಗೆ ಓಡಿ ಕೈಯಿಂದ ಬ್ರೇಕರ್ ಹಾಕಿದರು. ಆಟೋಮೇಷನ್ ಬಂತು ಅಂತ ಕೈಯಿಂದ ಮಾಡುವ ವಿದ್ಯೆಯನ್ನು ಮರೆಯಲು ಬಿಡಬೇಡಿ. ಹಳೇ ಆಪರೇಟರ್ ನಿವೃತ್ತಿಯಾಗುವ ಮೊದಲು ಹೊಸಬರಿಗೆ ಒಂದೊಂದು ಹಿಡಿಕೆಯನ್ನೂ ತೋರಿಸಲಿ.

ಕಾನೂನಿನ ಕಡೆಯಿಂದ ಮೂರು ವಿಷಯ ಗೊತ್ತಿದ್ದರೆ ಕೆಲಸ ನಡೆಯುತ್ತದೆ. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ, ಇಂಥ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ಇದು 2022ರ ಏಪ್ರಿಲ್‌ನ ನಿರ್ದೇಶನ. ವಿದ್ಯುತ್ ವಲಯಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರದ 2021ರ ಸೈಬರ್ ಭದ್ರತಾ ಮಾರ್ಗಸೂಚಿ ಇದೆ, ಅದರ ಪ್ರಕಾರ ಇದಕ್ಕೆಂದೇ ಒಬ್ಬ ಜವಾಬ್ದಾರಿ ಅಧಿಕಾರಿ ಇರಬೇಕು. ಅತಿ ಮುಖ್ಯ ಮಾಹಿತಿ ವ್ಯವಸ್ಥೆಗಳ ರಕ್ಷಣೆಗೆ 2014ರಿಂದ ಎನ್‌ಸಿಐಐಪಿಸಿ ಎಂಬ ಸಂಸ್ಥೆಯೇ ಇದೆ.

ಎಂಟನೇ ಹೆಜ್ಜೆ: ಹಾಳಾದ ಮೇಲೆ ಏನು?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ಮೇಲ್ಭಾಗದಲ್ಲಿ ನೀರು ಬಿಡುವ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಅದು ಯಾರ ದಾಳಿಯೂ ಅಲ್ಲ. ಆದರೂ ಇಲ್ಲಿ ಹೇಳುತ್ತಿದ್ದೇನೆ, ಯಾಕೆಂದರೆ ಅಣೆಕಟ್ಟಿಗೆ ಕಾರಣ ಯಾವುದಾದರೂ ಒಂದೇ. ತೆರೆದ ಬಾಯಿಂದ ನೀರು ಹೋಗುತ್ತಲೇ ಇತ್ತು, ಒತ್ತಡ ತಗ್ಗಿಸಲು ಬೇರೆ ಗೇಟುಗಳನ್ನೂ ತೆರೆಯಬೇಕಾಯಿತು. ಅವಸರದಲ್ಲಿ ತಾತ್ಕಾಲಿಕ ಗೇಟಿನ ತುಂಡುಗಳನ್ನು ತಯಾರಿಸಿ ತಂದು, ಹರಿಯುವ ನೀರಿನಲ್ಲೇ ಒಂದೊಂದಾಗಿ ಇಳಿಸಿ ಬಾಯಿ ಮುಚ್ಚಲು ಸುಮಾರು ಒಂದು ವಾರ ಹಿಡಿಯಿತು. ಕೆಲಸ ಮಾಡಿದವರ ಕೈಗೆ ಶರಣು. ಆದರೆ ಆ ತುಂಡುಗಳು ಮೊದಲೇ ದಡದಲ್ಲಿ ಇದ್ದಿದ್ದರೆ?

ನಿಮ್ಮ ಕೆಂಪು ಗೆರೆಯ ಐದು ವಸ್ತುಗಳ ಮುಂದೆ ಇನ್ನೊಂದು ಕಾಲಂ ಹಾಕಿ: ಬದಲಿ ಎಲ್ಲಿದೆ, ತರುವ ಲಾರಿ ಯಾವುದು, ಎತ್ತುವ ಕ್ರೇನ್ ಯಾರದ್ದು, ದಾರಿಯ ಸೇತುವೆ ಆ ಭಾರ ತಡೆಯುತ್ತದೆಯೇ. ಕೊನೆಯದನ್ನು ಬಹಳ ಜನ ಕೇಳುವುದೇ ಇಲ್ಲ.

ಒಂಬತ್ತನೇ ಹೆಜ್ಜೆ: ಟೆಂಡರ್, ಆಮೇಲೆ ಅಣಕು

ಟೆಂಡರ್ ಬರೆಯುವಾಗ ಖರೀದಿಯ ಬೆಲೆ ಮಾತ್ರ ನೋಡಬೇಡಿ. 5 ವರ್ಷದ ನಿರ್ವಹಣೆ ಸೇರಿಸಿ ಹೋಲಿಸಿ. ಕೆಟ್ಟ ಕ್ಯಾಮೆರಾ 48 ಗಂಟೆಯಲ್ಲಿ ಸರಿಯಾಗದಿದ್ದರೆ ಹಣ ಕಡಿತ ಅಂತ ಬರೆಯಿರಿ, ಮತ್ತು ಕಡಿತ ಮಾಡಿ.

ಎಲ್ಲ ಅಳವಡಿಸಿದ ಮೇಲೆ ಒಂದು ರಾತ್ರಿ ಅಣಕು ಕಾರ್ಯಾಚರಣೆ ಮಾಡಿ. ಕಾವಲುಗಾರರಿಗೆ, ಠಾಣೆಗೆ ಮೊದಲೇ ತಿಳಿಸಿಯೇ ಮಾಡಿ, ನಿಜವಾದ ಕಳ್ಳ ಅಂತ ಲಾಠಿ ಬೀಳುವುದು ಬೇಡ. ಬೇಲಿಯ ಅಲಾರಂ ಒತ್ತಿ, ಗಡಿಯಾರ ಹಿಡಿದು ಕೂರಿ.

ನಾನು ಮೊದಲ ಸಲ ಹೀಗೆ ಮಾಡಿಸಿದಾಗ ಅಲಾರಂ ಸರಿಯಾಗಿ ಕೂಗಿತು. ಕಾವಲುಗಾರರು ಓಡಿ ಬಂದರು, ಗೋಡೆಯ ಮೇಲೆ ಕೆಂಪು ಪೇಂಟಿನಲ್ಲಿ ಬರೆದಿದ್ದ ತುರ್ತು ನಂಬರಿಗೆ ಫೋನ್ ಮಾಡಿದರು. ಮೂರು ರಿಂಗಿಗೆ ಎತ್ತಿದರು. ಎಲ್ಲ ಕೇಳಿಸಿಕೊಂಡ ಆ ಹಿರಿಯರು, "ಅಪ್ಪಾ, ನಾನು ರಿಟೈರಾಗಿ ಎರಡು ವರ್ಷ ಆಯ್ತು" ಅಂದರು. ಆಮೇಲೆ ಪಾಪ, ತಮ್ಮ ಫೋನಿನಲ್ಲಿ ಹುಡುಕಿ ಈಗಿನ ಅಧಿಕಾರಿಯ ನಂಬರ್ ಕೊಟ್ಟರು. ಮಾರನೇ ದಿನ ಆ ಪೇಂಟ್ ಅಳಿಸಿ, ಅಲ್ಲೊಂದು ಸ್ಲೇಟು ನೇತುಹಾಕಿದೆವು. ಪ್ರತಿ ತಿಂಗಳ ಒಂದನೇ ತಾರೀಖು ನಂಬರಿಗೆ ಕರೆ ಮಾಡಿ ನೋಡಿ, ಸೀಮೆಸುಣ್ಣದಲ್ಲಿ ಮತ್ತೆ ಬರೆಯುತ್ತಾರೆ.